ಹಾವಸೆಗೆ ಎರೆದ ಸ್ನಾನದ ನೀರು

ಹೆಸರು ಮಾಡುವ ಹುಚ್ಚು ಹಿಡಿದರೆ ಮನುಷ್ಯ ಎಷ್ಟು ಚಿಕ್ಕವನಾಗಬಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ನನ್ನ ಹೆಸರು ಉಳಿಯಬೇಕಿದ್ದದ್ದು ಕಣ್ಣಿಗೆ ಕಾಣದ ಒಂದು ಜೀವಿಯ ಬೆನ್ನ ಮೇಲೆ. ಬೀದರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುವ ನಾನು, ನೌಬಾದದ ನಮ್ಮ ಪಕ್ಕದ ಮನೆಯ ಬಾವಿಕಟ್ಟೆಯಿಂದ ಹಾವಸೆ ಕಿತ್ತು ಹಿಂಡಿ, ಆ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಅದು ಕಂಡಿತ್ತು. ಅವರೆಕಾಳಿನ ಆಕಾರ, ಮೈತುಂಬ ನವಿರಾದ ರೋಮ, ಸುಮ್ಮನೆ ಅತ್ತಿತ್ತ ಓಡುವ ಗಡಿಬಿಡಿ. ಪುಸ್ತಕದ ಯಾವ ಚಿತ್ರಕ್ಕೂ ಅದರ ಬಾಯಿ ಹೊಂದಲಿಲ್ಲ. ಹೊಸ ಪ್ರಭೇದವೇ ಸರಿ ಎಂದುಕೊಂಡು, ನನ್ನ ಹೆಸರಿಗೆ ಲ್ಯಾಟಿನ್ ಬಾಲ ಅಂಟಿಸಿ ಬರೆದು ನೋಡಿದೆ. ಚೆನ್ನಾಗಿಯೇ ಇತ್ತು.

ತೊಂದರೆಯೆಂದರೆ ಬರಗಾಲ. ನೀರಾರಿದರೆ ಈ ಪ್ರಾಣಿ ಮೈಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಮಲಗಿಬಿಡುತ್ತದೆ. ಓಡಾಡುವುದನ್ನು ನೋಡದೆ ಅದರ ವರ್ಣನೆ ಬರೆಯುವಂತಿಲ್ಲ. ಪಕ್ಕದ ಮನೆಯ ಗೌಂಡಿ ಶಿವರಾಜ, ಸಿಮೆಂಟ್ ಕಲಸಲೂ ನೀರಿಲ್ಲದೆ ಊರಲ್ಲಿ ಕಟ್ಟಡದ ಕೆಲಸವೆಲ್ಲ ನಿಂತಾಗ, ಬತ್ತಿದ ಬಾವಿಗೆ ತಗಡು ಮುಚ್ಚಿ, ಗೇಟಿನ ಕೀಲಿಕೈ ನನಗೆ ಕೊಟ್ಟು, ಹೆಂಡತಿ ಮಕ್ಕಳೊಂದಿಗೆ ಹೈದರಾಬಾದಿಗೆ ಹೋಗಿದ್ದ. ಟ್ಯಾಂಕರಿನಿಂದ ನನ್ನ ಪಾಲಿಗೆ ಬರುತ್ತಿದ್ದ ಸ್ನಾನದ ನೀರನ್ನು ನಾನು ಮೈಗೆ ಹಾಕಿಕೊಳ್ಳದೆ ದಿನವೂ ಆ ಹಾವಸೆಗೆ ಎರೆಯತೊಡಗಿದೆ.

“ಸಂಶೋಧನೆ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಸ್ವಲ್ಪ ದೂರ ಕೂತು ಮಾಡ್ರಿ,” ಎಂದು ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಓಣಿಯೆಲ್ಲ ಒಣಗಿ ಕಂದಾಗಿರುವಾಗ ಆ ಕಟ್ಟೆ ಮಾತ್ರ ಹಚ್ಚಗಿತ್ತು. ಭಾಲ್ಕಿಯಿಂದ ಬಂದ ಶಿವರಾಜನ ಭಾವಮೈದ ಗೇಟಿನಾಚೆಯಿಂದಲೇ ಅದನ್ನು ನೋಡಿ, ಬಾವಿಗೆ ಸೆಲೆ ಬಂದಿದೆ ಎಂದು ಹೈದರಾಬಾದಿಗೆ ಫೋನ್ ಮಾಡಿಬಿಟ್ಟ. ವಾರದೊಳಗೆ ಶಿವರಾಜ ಕೆಲಸ ಬಿಟ್ಟು, ಹಾಸಿಗೆ, ಪಾತ್ರೆ, ಮಕ್ಕಳ ಸಮೇತ ಬಂದಿಳಿದ. ಅವನ ಹೆಂಡತಿಯ ಕೈಯಲ್ಲಿ ನೀರು ಸೇದುವ ಹೊಸ ಹಗ್ಗವಿತ್ತು. ಅದನ್ನು ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವನು ತಗಡು ಸರಿಸಿ ಇಣುಕಿದ. ಒಳಗೆ ಬರೀ ಧೂಳು. ನಾನು ತೊದಲುತ್ತ ಎಲ್ಲ ಹೇಳಿದೆ. ಆಮೇಲೆ ಅವನ ಸಮಾಧಾನಕ್ಕೆಂದು, ನನ್ನ ಬುದ್ಧಿ ನೋಡಿ, ಸೂಕ್ಷ್ಮದರ್ಶಕ ತಂದು ಆ ಪ್ರಾಣಿಯನ್ನೇ ತೋರಿಸಿದೆ. ನೀರು ಬಿದ್ದರೆ ಅದು ಹೇಗೆ ಕವಚ ಬಿಟ್ಟು ಏಳುತ್ತದೆಂದು ಪಾಠವನ್ನೂ ಮಾಡಿದೆ.

ಬಹಳ ಹೊತ್ತು ನೋಡಿ ಅವನು ಕೇಳಿದ: “ಬಿದ್ದಿದ್ದು ಮಳಿ ನೀರೋ, ನಿಮ್ಮ ತಂಬಿಗಿ ನೀರೋ, ಇದಕ್ಕ ಹ್ಯಾಂಗ ಗೊತ್ತಾಗ್ತದ್ರಿ ಸರ?”

“ಗೊತ್ತಾಗಂಗಿಲ್ಲಪ್ಪ.”

“ನಂಗೂ ಗೊತ್ತಾಗ್ಲಿಲ್ಲ ನೋಡ್ರಿ,” ಎಂದು ನಕ್ಕ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಹೈದರಾಬಾದಿನ ಮೇಸ್ತ್ರಿ ಮತ್ತೆ ಕರೆಯುವವರೆಗೆ ನಮ್ಮ ಟ್ಯಾಂಕರ್ ನೀರಿನಲ್ಲಿ ಅವರಿಗೂ ಪಾಲು, ಹಾವಸೆಗೆ ಹನಿಯೂ ಇಲ್ಲ ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಳು. ನನ್ನ ಹೆಸರು ಹೊರಬೇಕಿದ್ದ ಪ್ರಾಣಿ ಕವಚ ಕಟ್ಟಿಕೊಂಡು ಮಲಗಿತು. ನಾನು ಅವಳ ಅಪ್ಪಣೆಯಂತೆ ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ, ತಲೆ ಬಾಚಿಕೊಂಡು ಕಾಲೇಜಿಗೆ ಹೋದೆ. ಔರಾದ ಕಡೆಯ ನಮ್ಮ ಜವಾನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಫೋನ್ ಹಿಡಿದು ಹೊರಗೆ ಓಡಿದ. “ಬೀದರಕ್ಕ ನೀರು ಬಂದಂಗ ಅದ! ಸರ ಜಳಕ ಮಾಡ್ಯಾರ! ಒಗಿಯೋ ಅರಿವಿ ಎಲ್ಲಾ ಗಂಟು ಕಟ್ಟಿಕೊಂಡು ಇವತ್ತೇ ಬಸ್ ಹತ್ತು!” ಎಂದು ಊರಲ್ಲಿದ್ದ ತನ್ನ ಹೆಂಡತಿಗೆ ಹೇಳುತ್ತಿದ್ದ. ಈ ಸಲವಾದರೂ ತಡವಾಗಬಾರದೆಂದು ನಾನು ಅವನ ಹಿಂದೆ ಓಡಿದೆ.