ಬಣ್ಣ ಬಳಿಯದ ಮೂಲೆ

ನನ್ನನ್ನು ಮೊಂಡಿ ಎನ್ನುವವರು ಈಚೆಗೆ ಹೆಚ್ಚಾಗಿದ್ದಾರೆ. ಅನ್ನಲಿ, ನಾನು ಮೊಂಡಿಯೇ. ಅರಸೀಕೆರೆಯ ಕೊಬ್ಬರಿ ಮನೆತನದ ಸೊಸೆಯಾಗಿ ಭೂಕಂಪದ ಮೇಲೆ ಥೀಸಿಸ್ ಬರೆಯಲು ಮೊಂಡುತನ ಬೇಡವೇ? ಅದೂ ನಾನು ಕಂಡೇ ಇರದ ಸಮುದ್ರದಡಿಯ ಭೂಕಂಪ. ಅಲ್ಲಿ ಭೂಮಿಯ ಒಂದು ಫಲಕ ಇನ್ನೊಂದರ ಕೆಳಗೆ ನುಸುಳುತ್ತಿರುತ್ತದೆ. ಕೆಲವು ಕಡೆ ಮೆಲ್ಲಗೆ ಜಾರುತ್ತದೆ, ಕೆಲವು ಕಡೆ ಕಚ್ಚಿಕೊಂಡು ಕೂರುತ್ತದೆ. ಕಚ್ಚಿಕೊಂಡದ್ದು ವರ್ಷಗಟ್ಟಲೆ ಬಿಗಿದು ಒಂದು ದಿನ ಬಿಟ್ಟರೆ ಭೂಕಂಪ. ಆಮೇಲೆ ಮತ್ತೆ ಕಚ್ಚಿಕೊಳ್ಳುತ್ತದೆ. ದಡದ ಮೇಲಿನ ಉಪಕರಣಗಳ ಅಳತೆ ಹಿಡಿದು, ಕಚ್ಚಿಕೊಂಡ ಕಡೆಗೆ ಕೆಂಪು, ಜಾರುವ ಕಡೆಗೆ ನೀಲಿ ಬಳಿದು ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು ನನ್ನ ಕೆಲಸ. ಬೇಲೂರಿನ ಚಿಕ್ಕತ್ತೆ ಬಂದಾಗಲೆಲ್ಲ ನಮ್ಮೂರಿಗೆ ಭೂಕಂಪ ಯಾವತ್ತು ಬರುತ್ತದೆಂದು ಕೇಳುತ್ತಾರೆ, ಲಗ್ನದ ದಿನ ಗೊತ್ತುಮಾಡುವವರ ಹಾಗೆ.

ತೊಂದರೆ ಬಂದದ್ದು ನಕ್ಷೆಯ ಒಂದು ಮೂಲೆಯಿಂದ. ದಡದಿಂದ ಬಹು ದೂರದ ಜಾಗ ಅದು. ಅಲ್ಲಿಯ ಸುದ್ದಿ ನಮ್ಮ ಉಪಕರಣಗಳಿಗೆ ತಲುಪುವುದಿಲ್ಲ. ಹಾಗಾಗಿ ಬಿಳಿ ಬಿಟ್ಟಿದ್ದೆ. ಗೈಡ್ ಮೇಡಂ ಫೋನ್ ಮಾಡಿ, ಕೆಂಪೋ ನೀಲಿಯೋ ಒಂದು ಬಳಿದು ಕಳಿಸು, ಇಲ್ಲದಿದ್ದರೆ ಥೀಸಿಸ್ ಈ ವರ್ಷ ಮುಗಿಯುವುದಿಲ್ಲ ಎಂದರು. ಐದು ವರ್ಷದ ಕೆಲಸ. ನನ್ನ ಕೈ ಕೆಂಪಿನ ಕಡೆಗೆ ಹೋದದ್ದು ನಿಜ, ಹೇಳಲು ನಾಚಿಕೆಯಾಗುತ್ತದೆ.

ಆಗ ಕಿಟಕಿಯಾಚೆ ಮಾವ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ವರ್ಷವಿಡೀ ಒಣಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಒಳಗೆ ಲೊಡಲೊಡ ಅನ್ನುತ್ತದೆ, ಅದು ಸುಲಿಯುವುದಕ್ಕೆ. ಸದ್ದು ಮಾಡದ್ದು ವಾಪಸ್ಸು ಅಟ್ಟಕ್ಕೆ. ಅನುಮಾನದ್ದಕ್ಕೆ ಮೂರನೆಯ ಗುಡ್ಡೆ. ಬಾಣಾವರದಿಂದ ಬಂದಿದ್ದ ವ್ಯಾಪಾರಿಗೆ ಆ ಗುಡ್ಡೆಯ ಮೇಲೇ ಕಣ್ಣು. ಲೋಡು ತುಂಬಬೇಕು, ಇದನ್ನೂ ಸೇರಿಸಿಬಿಡಿ ಎಂದು ಕಾಡುತ್ತಿದ್ದರು. ಮಾವ ತಲೆ ಎತ್ತಲಿಲ್ಲ.

“ಕಾಯೇ ಹೇಳ್ದೆ ಇರೋದ್ನ ನಾನ್ ಹೆಂಗ್ ಹೇಳ್ಲಿ? ನಂಗೊತ್ತಿಲ್ಲ. ಇದು ಬೇರೇನೇ ಇರ್ಲಿ.”

ಕಾಯಿಯ ವಿಷಯದಲ್ಲೇ ಮಾವನಿಗೆ ಇಷ್ಟು ಹಠವಿದ್ದರೆ ನನಗಿರಬೇಡವೇ ಎಂದು ರೋಷವೇ ಬಂತು. ಸುಳ್ಳು ಕೆಂಪು ನಂಬಿ ಆ ದಡದವರು ಹೆದರುವುದೂ ಬೇಡ, ಸುಳ್ಳು ನೀಲಿ ನಂಬಿ ನೆಮ್ಮದಿಯಾಗಿ ಮಲಗುವುದೂ ಬೇಡ. ಬಿಳಿ ಬಿಳಿಯಾಗಿಯೇ ಇರುತ್ತದೆ, ಥೀಸಿಸ್ ನಿಂತರೆ ನಿಲ್ಲಲಿ ಎಂದು ಮೇಡಂಗೆ ಬರೆದು ಕಳಿಸಿಬಿಟ್ಟೆ. ಕಳಿಸಿದ ಮೇಲೆ ಉತ್ತರ ಬಂತೇ ಎಂದು ಹತ್ತು ಸಲ ತೆರೆದು ನೋಡಿದ್ದನ್ನು ಯಾರಿಗೂ ಹೇಳಿಲ್ಲ.

ಎರಡು ದಿನ ಬಿಟ್ಟು ಉತ್ತರ ಬಂತು. ಬಿಳಿ ಇರಲಿ, ಆದರೆ ಯಾಕೆ ಬಿಳಿ ಎಂದು ಲೆಕ್ಕಾಚಾರ ಸಮೇತ ವಿವರವಾಗಿ ಬರೆ ಎಂದಿದ್ದರು. ಗೆದ್ದೆ ಎಂದುಕೊಂಡು ಬರೆಯಲು ಕೂತವಳು ತಿಂಗಳಾದರೂ ಎದ್ದಿಲ್ಲ. ನಿನ್ನೆ ಮಾವ ಬಾಗಿಲಲ್ಲಿ ನಿಂತು, ಇಷ್ಟು ದಿನದಿಂದ ಏನಮ್ಮ ಬರೆಯುತ್ತಿದ್ದೀಯ ಎಂದು ಕೇಳಿದರು.

“ಗೊತ್ತಿಲ್ಲ ಅಂತ ಬರೀತಿದ್ದೀನಿ ಮಾವ. ನಲವತ್ತು ಪುಟ ಆಯ್ತು.”

ಅವರು ಬಗ್ಗಿ ಕಂಪ್ಯೂಟರಿನ ಪರದೆ ನೋಡಿದರು.

“ನಾನ್ ಓದಿಲ್ಲ ನೋಡು ತಾಯಿ, ಅದಕ್ಕೇ ಒಂದೇ ಮಾತಲ್ಲಿ ಮುಗಿಸ್ಬಿಟ್ಟೆ.”