ವಿನೈಲ್ ಹಲಗೆಗಳು ಮನೆಗೆ ಹೊಂದಿಕೊಳ್ಳುವ ಅವಧಿಯ ಕುರಿತು

ಮನೆ ಆಡಳಿತ ವಿಭಾಗ
ಸಂಖ್ಯೆ: ಮಆವಿ/ನೆಲ/ಪೂಸಿ/07
ಶನಿವಾರ, ಬೆಳಿಗ್ಗೆ 11.00

ಸುತ್ತೋಲೆ

ವಿಷಯ: ಮಲಗುವ ಕೋಣೆಗೆ ಹಾಸಲಿರುವ ವಿನೈಲ್ ಹಲಗೆಗಳ ಪೂರ್ವಸಿದ್ಧತೆ ಹಾಗೂ ಅದರ ದುರುಪಯೋಗ ತಡೆಯುವ ಬಗ್ಗೆ.

ಉಲ್ಲೇಖ: (1) ಪೆಟ್ಟಿಗೆಯ ಮೇಲೆ ಅಂಟಿಸಿರುವ ಸೂಚನೆ. (2) ಸೊಸೆಯ ಮೌಖಿಕ ಹೇಳಿಕೆ, ಮುಚ್ಚಿದ ಬಾಗಿಲ ಹಿಂದಿನಿಂದ.

ಉಲ್ಲೇಖ (1)ರಂತೆ, ಹಲಗೆಗಳನ್ನು ಹಾಸುವ ಮುನ್ನ ಅದೇ ಕೋಣೆಯಲ್ಲಿ ನಲವತ್ತೆಂಟು ಗಂಟೆ ಇಡಬೇಕಾಗಿರುತ್ತದೆ. ಹೊಸ ಜಾಗದ ಬಿಸಿ ತಂಪಿಗೆ ಹೊಂದಿಕೊಳ್ಳದ ಹಲಗೆ ಮುಂದೆ ಉಬ್ಬುತ್ತದೆ, ಇಲ್ಲವೇ ಪಕ್ಕದ್ದರಿಂದ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಶುಕ್ರವಾರ ಸಂಜೆ ಆರಕ್ಕೆ ಬಂದಿಳಿದ ಹದಿನಾಲ್ಕು ಪೆಟ್ಟಿಗೆಗಳ ಸಂಬಂಧ ಮನೆಯ ಸಮಸ್ತರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಪೆಟ್ಟಿಗೆಗಳನ್ನು ಗೋಡೆಗೆ ಒರಗಿಸದೆ ಮಟ್ಟಸವಾಗಿ ಮಲಗಿಸತಕ್ಕದ್ದು. ಅವುಗಳ ಮೇಲೆ ಕೂರುವುದು, ಟವೆಲ್ ಒಣಹಾಕುವುದು, ಸದರಿ ಅವಧಿಯಲ್ಲಿ ಅವುಗಳಿಂದ ಯಾವುದೇ ಕೆಲಸ ನಿರೀಕ್ಷಿಸುವುದು ನಿಷಿದ್ಧ.

2. ಫ್ಯಾನು ಎರಡರಲ್ಲಿ ತಿರುಗುತ್ತಿರತಕ್ಕದ್ದು. "ಪಾಪ, ಅಷ್ಟು ದೂರದಿಂದ ಲಾರೀಲಿ ಬಂದಿವೆ, ಸುಸ್ತಾಗಿರತ್ತೆ" ಎಂಬ ಅತ್ತೆಯವರ ಮಾತನ್ನು ತಜ್ಞರ ಅಭಿಪ್ರಾಯವೆಂದು ಅಂಗೀಕರಿಸಲಾಗಿದೆ.

3. ಕೋಣೆಯ ಬಳಿ ಏರುದನಿ, ಬಾಗಿಲು ಬಡಿಯುವುದು, ಮೂದಲಿಕೆ ಇತ್ಯಾದಿ ಕೂಡದು. ಬಾಕಿ ಇರುವ ಜಗಳಗಳನ್ನು ಅಡುಗೆಮನೆಗೆ ವರ್ಗಾಯಿಸಲಾಗಿದೆ.

4. ಸಿಮೆಂಟು ನೆಲದ ತೇವ ಅರಿಯಲು ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ಬಿಡಲಾಗಿದೆ. ಹಾಳೆಯ ಕೆಳಗೆ ಹನಿ ಕಂಡರೆ ಕೂಡಲೇ ವರದಿ ಮಾಡತಕ್ಕದ್ದು. ಹಾಳೆಯ ಮೇಲೆ ಕಂಡ ಹನಿಗಳು ಈ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ.

5. ಈ ಮಧ್ಯೆ, ಹಲಗೆಗಳಿಗೆ ನೀಡಿದ ಸೌಲಭ್ಯ ತನಗೂ ಅನ್ವಯಿಸುತ್ತದೆಂದು ಭಾವಿಸಿ ಸೊಸೆಯು ಪೆಟ್ಟಿಗೆಗಳ ಜೊತೆಗೇ ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡಿರುತ್ತಾರೆ. ಅವರ ಹೇಳಿಕೆ ಯಥಾವತ್ತಾಗಿ: "ಮರದ ಥರ ಕಾಣೋ ಪ್ಲಾಸ್ಟಿಕ್ಕಿಗೆ ಎರಡು ದಿನ ಕೊಟ್ರಿ. ನಾನು ಬಂದ ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಪಾತ್ರೆ ಎಲ್ಲಿದೆ ಅಂತ ತೋರಿಸಿದ್ರಿ. ನಂಗೂ ನಲವತ್ತೆಂಟು ಗಂಟೆ ಬೇಕು. ಹನ್ನೊಂದು ವರ್ಷ ತಡ ಆಯ್ತು, ಪರವಾಗಿಲ್ಲ." ಕಿಟಕಿಯಿಂದ ಪರಿಶೀಲಿಸಲಾಗಿ, ತಲೆಯ ಬಳಿ ಬಿಸ್ಕತ್ತಿನ ಡಬ್ಬಿ, ದಪ್ಪನೆಯ ಪುಸ್ತಕವೊಂದನ್ನು ಇರಿಸಿಕೊಂಡು ಅವರು ಪೆಟ್ಟಿಗೆಗಳ ಪಕ್ಕ ಕಂಡಿಕೆ 1ರ ಪ್ರಕಾರವೇ ಮಟ್ಟಸವಾಗಿ ಮಲಗಿರುವುದು ಕಂಡುಬಂದಿರುತ್ತದೆ.

6. ಸದರಿ ಬೇಡಿಕೆಯನ್ನು ತಿರಸ್ಕರಿಸಲಾಗಿದೆ. ಕಾರಣ: (ಅ) ಸೊಸೆಯ ಜೊತೆ ಯಾವುದೇ ಸೂಚನಾ ಚೀಟಿ ಬಂದಿರಲಿಲ್ಲ. (ಆ) ಬೇಡಿಕೆಯು ಕಾಲಮಿತಿ ಮೀರಿದೆ. (ಇ) ಹನ್ನೊಂದು ವರ್ಷದಲ್ಲಿ ಅವರು ಎಲ್ಲಿಯೂ ಉಬ್ಬಿದ, ಬಿರುಕು ಬಿಟ್ಟ ದಾಖಲೆ ಇಲ್ಲ; ಅಂದರೆ ಹೊಂದಿಕೊಂಡಿದ್ದಾರೆಂದೇ ತಿಳಿಯತಕ್ಕದ್ದು.

7. ಬೆಳಗಿನ ಕಾಫಿಯನ್ನು ತಾತ್ಕಾಲಿಕವಾಗಿ ಮಗನಿಗೆ ವಹಿಸಲಾಗಿದ್ದು, ಸಕ್ಕರೆ ಎಲ್ಲಿದೆಯೆಂದು ಆತ ಬಾಗಿಲ ಬಳಿ ನಿಂತು ಮೂರು ಬಾರಿ ಮೆಲುದನಿಯಲ್ಲಿ ವಿಚಾರಿಸಿರುತ್ತಾನೆ. ಉತ್ತರ ನಿರೀಕ್ಷಿಸಲಾಗಿದೆ.

8. ಸೊಸೆಯು ಈ ಸುತ್ತೋಲೆ ತಲುಪಿದ ಕೂಡಲೇ ಹೊರಬರತಕ್ಕದ್ದು. ಕಂಡಿಕೆ 3ರ ಮೇರೆಗೆ ಬಾಗಿಲು ಬಡಿಯಲು ಅವಕಾಶವಿಲ್ಲದ ಕಾರಣ, ಇದನ್ನೇ ಬಡಿದಂತೆ ಭಾವಿಸತಕ್ಕದ್ದು.

ಸಹಿ/-
ಮನೆಯ ಯಜಮಾನರು
(ನಿವೃತ್ತಿಯ ನಂತರವೂ)

ಪ್ರತಿಗಳು:

1. ಅತ್ತೆಯವರಿಗೆ. ಓದಿ ಹೇಳಲಾಗಿ, "ಅವಳು ಅಂದಿದ್ರಲ್ಲಿ ತಪ್ಪೇನಿದೆ" ಎಂದಿದ್ದು, ಲಿಖಿತ ವಿವರಣೆ ಕೇಳಲಾಗಿದೆ.

2. ಮಗನಿಗೆ, ತಾನು ಯಾರ ಕಡೆ ಎಂಬುದನ್ನು ಮೂರು ದಿನದೊಳಗೆ ತಿಳಿಸುವ ಷರತ್ತಿಗೊಳಪಟ್ಟು.

3. ನೆಲದ ಮೇಸ್ತ್ರಿಗೆ. ಫೋನಿನಲ್ಲಿ ಅವರ ಸಲಹೆ: "ಟೈಮ್ ಮುಗಿಯೋ ತನಕ ಆ ರೂಮಿನ ತಂಟೆಗೆ ಹೋಗ್ಬೇಡಿ ಸಾರ್."

4. ಕಡತಕ್ಕೆ.

5. ಸೊಸೆಗೆ, ಬಾಗಿಲ ಕೆಳಗಿನ ಸಂದಿಯ ಮೂಲಕ. ಮರಳಿ ಬಂದಿದೆ. ಎರಡು ಕಾಗುಣಿತ ತಪ್ಪುಗಳನ್ನು ತಿದ್ದಿ ಹಿಂಬದಿಯಲ್ಲಿ ಹೀಗೆ ಷರಾ ಬರೆಯಲಾಗಿದೆ: "ಇನ್ನೂ ಮೂವತ್ತೊಂದು ಗಂಟೆ ಇದೆ, ಮಾವ."