ಮುದ್ದುವಿನ ಗಡ್ಡ

ಓತಿಕ್ಯಾತ ಅಂದದ್ದೇ ತಪ್ಪಾಯಿತು.

ಕತ್ತರಿಯಣ್ಣ ಕಟಿಂಗ್ ಶಾಪಿನ ಶಟರ್ ಎತ್ತಿ ಇನ್ನೂ ಕಸಬರಿಗೆ ಕೈಗೆತ್ತಿಕೊಂಡಿರಲಿಲ್ಲ, ಓನರಮ್ಮನ ಕಾರು ಬಾಗಿಲಿಗೇ ಬಂದು ನಿಂತಿತು. ಡ್ರೈವರು ಬೆಡ್‌ಶೀಟ್ ಹೊದಿಸಿದ ಗಾಜಿನ ಪೆಟ್ಟಿಗೆಯೊಂದನ್ನು ಏದುಸಿರು ಬಿಡುತ್ತಾ ಹೊತ್ತು ತಂದು, ಬಾಚಣಿಗೆ, ಪೌಡರು ಇಡುವ ಕಟ್ಟೆಯ ಮೇಲೆ ಇಟ್ಟ. ಶಾಪಿನಲ್ಲಿ ಪ್ಲಗ್ ಇದ್ದದ್ದು ಅಲ್ಲೊಂದೇ ಕಡೆ. ಕತ್ತರಿಯಣ್ಣ ಬೆಡ್‌ಶೀಟಿನ ಮೂಲೆ ಎತ್ತಿ ಇಣುಕಿದ. ಮುಳ್ಳುಮುಳ್ಳು ಬಾಲವೊಂದು ಕಂಡಿತು.

"ಅಯ್ಯೋ, ಓತಿಕ್ಯಾತ!"

"ಬಾಯಿ ಮುಚ್ಚು," ಅಂದರು ಓನರಮ್ಮ. "ಓತಿಕ್ಯಾತ ಬೇಲಿ ಮೇಲಿರುತ್ತೆ. ಇದು ಬಿಯರ್ಡೆಡ್ ಡ್ರ್ಯಾಗನ್. ಗಡ್ಡ ಇರೋ ಜಾತಿ. ನನ್ನ ಮುದ್ದು. ಇನ್ನೊಂದು ಸಲ ಓತಿಕ್ಯಾತ ಗೀತಿಕ್ಯಾತ ಅಂದ್ರೆ ನೋಡು!"

ಓನರಮ್ಮನ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಪಕ್ಕದ ಊರಿನ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಸಂಜೆಗೆ ವಾಪಸು ಬರುವುದಾಗಿತ್ತು. ಅಲ್ಲಿಯವರೆಗೆ ಮುದ್ದು ಇಲ್ಲಿರಬೇಕು.

"ಮನೇಲಿ ಬಿಟ್ರೆ ಒಂಟಿಯಾಗ್ತಾನೆ. ನಿನ್ನ ಹತ್ರ ಜನ ಬರ್ತಿರ್ತಾರೆ. ಈಗ ನಿದ್ದೇಲಿದಾನೆ, ನಾನು ಹೋದ್ಮೇಲೆ ಬೆಡ್‌ಶೀಟ್ ತೆಗೆದು ಲೈಟ್ ಹಾಕು. ಆಮೇಲೆ ಗಾಜಿಗೆ ಏನೂ ಮುಚ್ಚಬೇಡ, ಲೈಟಿನ ಬಿಸಿಗೆ ಹೊತ್ಕೊಳ್ಳುತ್ತೆ. ಅವನ ಗಡ್ಡದ ಮೇಲೆ ಕಣ್ಣಿಟ್ಟಿರು. ಅವನ ಅಂದ ಇರೋದೇ ಗಡ್ಡದಲ್ಲಿ." ಕಾರು ಹತ್ತುವಾಗ ನಿಂತು, "ಹಾಂ, ಶಾಪಿನ ಬಾಡಿಗೆ ಕರಾರು ಮುಗೀತಲ್ಲ? ಪಕ್ಕದ ಔಷಧಿ ಅಂಗಡಿಯವರೂ ಕೇಳ್ತಿದಾರೆ, ಗೋಡೆ ಒಡೆದು ದೊಡ್ಡದು ಮಾಡ್ಕೋತಾರಂತೆ. ನಾನಿನ್ನೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಸಂಜೆ ಬಂದು ಮಾತಾಡೋಣ," ಅಂದರು.

ಈ ಶಾಪು ಬಿಟ್ಟರೆ ಕತ್ತರಿಯಣ್ಣನಿಗೆ ಬೇರೆ ಗತಿಯಿರಲಿಲ್ಲ. ಮೊದಲೇ ಅನುಮಾನದ ಮನುಷ್ಯ. ಕತ್ತರಿ ಕಾಣದಿದ್ದರೆ ಮೊದಲು ಗಿರಾಕಿಯ ಕಿಸೆ ನೋಡಿ ಆಮೇಲೆ ತನ್ನ ಕೈ ನೋಡಿಕೊಳ್ಳುವವನು. ಈಗ ಪಕ್ಕದ ಗೋಡೆಯನ್ನೇ ದುರುಗುಟ್ಟಿಕೊಂಡು ನೋಡಿದ.

ಬೆಡ್‌ಶೀಟ್ ತೆಗೆದು ಲೈಟ್ ಹಾಕಿದಾಗ ಮುದ್ದು ಕಣ್ಣು ಬಿಟ್ಟಿತು. ಮೊಳದುದ್ದದ ಪ್ರಾಣಿ, ಒಣಹುಲ್ಲಿನ ಬಣ್ಣ, ಗದ್ದದ ಕೆಳಗೆ ಮೆತ್ತನೆಯ ಮುಳ್ಳುಗಳ ಬಿಳಿಚಿದ ಗಡ್ಡ. ಪಿಂಚಣಿ ತೆಗೆದುಕೊಳ್ಳಲು ಬಂದ ಅಜ್ಜನ ಹಾಗೆ ಸಮಾಧಾನವಾಗಿ ಕೂತಿತ್ತು. ಪರವಾಗಿಲ್ಲ, ಸಂಭಾವಿತ ಪ್ರಾಣಿ ಅಂದುಕೊಂಡು ಕತ್ತರಿಯಣ್ಣ ಮೊದಲ ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿದ. ನಡುವೆ ಔಷಧಿ ಅಂಗಡಿಯಾತ ಚಿಲ್ಲರೆ ಕೇಳುವ ನೆಪದಲ್ಲಿ ಬಂದು, ಗಾಜಿಗೆ ಮೂಗು ತಾಗಿಸಿ ನೋಡಿ, "ಓಹೋ, ಓನರಮ್ಮಂದಾ?" ಎಂದು ಹಲ್ಲು ಕಿರಿದು ಹೋದ.

ಗಿರಾಕಿಯನ್ನು ಕಳಿಸಿ ತಿರುಗಿದರೆ ಮುದ್ದುವಿನ ಗಡ್ಡ ಕಪ್ಪಾಗಿತ್ತು.

ಕಪ್ಪು ಅಂದರೆ ಅಂತಿಂಥ ಕಪ್ಪಲ್ಲ, ಬಾಣಲೆಯ ತಳ. ಕತ್ತು ಉಬ್ಬಿಸಿಕೊಂಡು, ಬಾಯಿ ತೆರೆದುಕೊಂಡು, ತಲೆಯನ್ನು ಮೇಲೆ ಕೆಳಗೆ ಕುಟ್ಟುತ್ತಿತ್ತು. ಹಾಕಿದ್ದ ಸೊಪ್ಪಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ದಿನವೂ ಪೇಪರ್ ಓದಲು ಬರುವ ಮೇಷ್ಟ್ರು ಆಗಷ್ಟೇ ಒಳಗೆ ಬಂದರು. ಅವರ ತಲೆಯ ಮೇಲೆ ಕೂದಲಿರಲಿಲ್ಲ, ಆದ್ದರಿಂದ ಶಾಪಿಗೆ ಅವರಿಂದ ಪೇಪರ್ ಮಡಚಿಡುವುದನ್ನು ಬಿಟ್ಟು ಬೇರೆ ಉಪಯೋಗವಿರಲಿಲ್ಲ. ಅವರು ಪೆಟ್ಟಿಗೆ ನೋಡಿದರು, ಪಕ್ಕದಲ್ಲಿದ್ದ ಹೇರ್ ಡೈ ಬಟ್ಟಲು ನೋಡಿದರು.

"ಏನಯ್ಯಾ ಇದು? ಗಿರಾಕಿ ಸಿಗ್ಲಿಲ್ಲ ಅಂತ ಇದಕ್ಕೂ ಡೈ ಹಾಕಿದ್ಯಾ?"

"ಮೇಷ್ಟ್ರೇ, ದಮ್ಮಯ್ಯ ಅಂತೀನಿ, ಮೆಲ್ಲಗೆ ಮಾತಾಡಿ! ಬೆಳಿಗ್ಗೆ ಬೆಳ್ಳಗಿತ್ತು. ಯಾರೋ ಏನೋ ಹಾಕಿದಾರೆ ಇದಕ್ಕೆ."

"ಯಾರು?"

ಕತ್ತರಿಯಣ್ಣನ ಹುಬ್ಬು ಪಕ್ಕದ ಗೋಡೆಯ ಕಡೆ ಎದ್ದಿತು.

ಪ್ರಾಣಿಗಳ ಡಾಕ್ಟರ ನಂಬರನ್ನು ಮೇಷ್ಟ್ರೇ ಹುಡುಕಿ ಕೊಟ್ಟರು. ಡಾಕ್ಟರು ಒಂದಾದ ಮೇಲೊಂದು ಪ್ರಶ್ನೆ ಕೇಳಿದರು. ಕಣ್ಣು ಗುಳಿ ಬಿದ್ದಿವೆಯಾ? ಇಲ್ಲ. ಕೈಕಾಲು ನಡುಗ್ತಿವೆಯಾ? ನನ್ನವು ಮಾತ್ರ, ಸಾರ್. ಮೂಗಲ್ಲಿ ಗುಳ್ಳೆ ಬರ್ತಿದೆಯಾ? ಇಲ್ಲ. ಬಾಲದ ತುದಿ ಕಪ್ಪಾಗಿ ಒಣಗಿದೆಯಾ? ಇಲ್ಲ. ಮಲ ಹೋಗಿದೆಯಾ?

"ಗೊತ್ತಿಲ್ಲ ಸಾರ್. ಬೆಳಿಗ್ಗೆಯಷ್ಟೇ ಪರಿಚಯ."

"ಹಾಗಾದ್ರೆ ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಕೂರಿಸಿ, ನೀರು ಎದೆ ದಾಟಬಾರದು. ಬಲವಂತವಾಗಿ ಏನೂ ತಿನ್ನಿಸಬೇಡಿ. ಯಾರು ಏನು ಔಷಧಿ ಕೊಟ್ರೂ ಬಾಯಿಗೆ ಹಾಕಬೇಡಿ. ಗಡ್ಡ ಕಪ್ಪಾಗೋದು ನೋವಿಗೆ, ಇಲ್ಲಾ ಹೆದರಿಕೆಗೆ, ಇಲ್ಲಾ ಸಿಟ್ಟಿಗೆ. ಅದು ಏನು ನೋಡಿ ಹೀಗಾಗ್ತಿದೆ ಅಂತ ಪತ್ತೆ ಮಾಡಿ. ಸಂಜೆಯೊಳಗೆ ಸರಿಹೋಗದಿದ್ರೆ ನನ್ನ ಹತ್ರ ತನ್ನಿ."

ಹಿಂದಿನ ಬಚ್ಚಲಲ್ಲಿ ಕತ್ತರಿಯಣ್ಣ ಶೇವಿಂಗ್ ನೀರು ಕಾಯಿಸುವ ಅಗಲ ಬೇಸಿನ್ನಿನಲ್ಲಿ ಮುದ್ದುವನ್ನು ಕೂರಿಸಿದ. ಬೆಚ್ಚನೆಯ ನೀರು ತಾಗಿದ್ದೇ ಅದು ಕಣ್ಣು ಅರೆ ಮುಚ್ಚಿತು. ಕಪ್ಪು ನಿಧಾನವಾಗಿ ಇಳಿಯಿತು. ಮಲವೂ ಹೋಯಿತು. ಅದನ್ನು ಕಂಡು ಕತ್ತರಿಯಣ್ಣನಿಗೆ ಆದ ಸಂತೋಷ ಸ್ವಂತ ಮಗ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ. "ಮೇಷ್ಟ್ರೇ, ಆಯ್ತು! ಆಯ್ತು!" ಎಂದು ಬಚ್ಚಲಿಂದಲೇ ಕೂಗಿದ. ಟವೆಲ್ಲಿನಲ್ಲಿ ಒರೆಸಿ, ಎದೆಗವಚಿಕೊಂಡು ತಂದು ಪೆಟ್ಟಿಗೆಯಲ್ಲಿ ಬಿಟ್ಟ.

ಅದೇ ಹೊತ್ತಿಗೆ ಔಷಧಿ ಅಂಗಡಿಯಾತ ಸಣ್ಣ ಸೀಸೆಯೊಂದನ್ನು ಹಿಡಿದು ಒಳಗೆ ಬಂದ. "ಹುಷಾರಿಲ್ವಂತೆ ಪಾಪ? ಇದನ್ನ ಎರಡು ತೊಟ್ಟು ಬಾಯಿಗೆ ಬಿಡಿ, ಎಲ್ಲದಕ್ಕೂ ಆಗುತ್ತೆ."

ಕತ್ತರಿಯಣ್ಣನ ಕಣ್ಣೆದುರೇ ಗಡ್ಡ ಮತ್ತೆ ಕಪ್ಪಾಯಿತು. ಬೆಳಿಗ್ಗೆ ಈತ ಬಂದಾಗ ಕಪ್ಪು, ಈಗ ಬಂದಾಗ ಕಪ್ಪು. ಏನು ನೋಡಿ ಹೀಗಾಗುತ್ತೆ ಪತ್ತೆ ಮಾಡಿ ಅಂದಿದ್ದರಲ್ಲ ಡಾಕ್ಟರು!

"ನಿಮ್ಮನ್ನ ನೋಡಿಯೇ ಇದು ಕಪ್ಪಾಗ್ತಿರೋದು," ಅಂದ ಕತ್ತರಿಯಣ್ಣ. "ಬೆಳಿಗ್ಗೆ ಚಿಲ್ಲರೆ ನೆಪದಲ್ಲಿ ಬಂದು ಏನು ಹಾಕಿದ್ರಿ? ಅದು ಸತ್ರೆ ಶಾಪು ನಿಮ್ಮದಾಗುತ್ತೆ ಅಂತ ತಾನೇ?"

ಔಷಧಿ ಅಂಗಡಿಯಾತ ಸೀಸೆಯನ್ನು ಕಿಸೆಗೆ ತುರುಕಿದ. "ಉಪಕಾರಕ್ಕೆ ಬಂದ್ರೆ ಕಳ್ಳ ಅಂತೀರಾ? ಆಗ್ಲಿ. ಓನರಮ್ಮಂಗೆ ಫೋನ್ ಮಾಡ್ತೀನಿ. ನೀವು ಅವರ ಪ್ರಾಣಿನ ಏನು ಮಾಡಿ ಇಟ್ಟಿದೀರಿ ಅಂತ ಅವರೇ ಬಂದು ನೋಡ್ಲಿ."

"ಮಾಡು ಹೋಗಯ್ಯಾ!" ಅಂದುಬಿಟ್ಟ ಕತ್ತರಿಯಣ್ಣ. ಆದರೆ ಆತ ಹೊರಟುಹೋದ ಮೇಲೂ ಗಡ್ಡ ಬೆಳ್ಳಗಾಗಲಿಲ್ಲ.

"ಅವನು ಹೋದ್ರೂ ಕಪ್ಪಾಗೇ ಇದೆಯಲ್ಲಯ್ಯಾ," ಅಂದರು ಮೇಷ್ಟ್ರು.

"ಗೋಡೆ ಆಚೆಗಿದಾನಲ್ಲ ಮೇಷ್ಟ್ರೇ. ವಾಸನೆ ಬರ್ತಿರಬೇಕು."

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಕುರ್ಚಿಯಲ್ಲಿ ಕೂತ. ಶಾಪು ಉಳಿಯಬೇಕಾದರೆ ಗಿರಾಕಿಯೂ ಬೇಕು, ಮುದ್ದುವೂ ಬದುಕಬೇಕು. ಕತ್ತರಿಯಣ್ಣ ಮುದ್ದುವನ್ನು ಎತ್ತಿ ಎದೆಯ ಮೇಲೆ, ಏಪ್ರನ್ನಿನೊಳಗೆ ಸೇರಿಸಿಕೊಂಡ. ಅದು ಅವನ ಅಂಗಿಗೆ ಮುಖ ಒತ್ತಿ, ಗದ್ದದ ಕೆಳಗೆ ತಲೆ ತೂರಿಸಿ ಮಲಗಿಬಿಟ್ಟಿತು. ಗಡ್ಡ ಬೆಳ್ಳಗಾಯಿತು. ಅವನ ಎದೆಬಡಿತಕ್ಕೆ ಅದರ ಹೊಟ್ಟೆ ಮೆಲ್ಲಗೆ ಏರಿಳಿಯುತ್ತಿತ್ತು. ಇಷ್ಟು ನಂಬಿಕೆಯಿಂದ ಅವನನ್ನು ಯಾರೂ ಅಪ್ಪಿಕೊಂಡಿರಲಿಲ್ಲ, ಹೆಂಡತಿ ಕೂಡ ಮೊದಲು ಅಂಗಿಯ ಕೂದಲು ಕೊಡವಿಕೊಂಡು ಬಾ ಅನ್ನುವವಳು. ಕತ್ತರಿಯಣ್ಣ ಉಸಿರು ಬಿಗಿಹಿಡಿದು ಕಟಿಂಗ್ ಮುಗಿಸಿದ. ಕೊನೆಗೆ ಅಭ್ಯಾಸಬಲದಿಂದ ಕೈಗನ್ನಡಿ ತೆಗೆದು, ಹಿಂದಿನ ಕಟಿಂಗ್ ಹೇಗಿದೆ ನೋಡಿಕೊಳ್ಳಲೆಂದು ಗಿರಾಕಿಯ ಪಕ್ಕಕ್ಕೆ ನಿಂತು ಅವನ ತಲೆಯ ಹಿಂದೆ ಓರೆಯಾಗಿ ಎತ್ತಿ ಹಿಡಿದ.

ಏಪ್ರನ್ನಿನಿಂದ ಮುದ್ದು ತಲೆ ಹೊರಗೆ ಹಾಕಿತು. ಎದುರಿಗೇ, ಗೇಣಿನಷ್ಟು ದೂರದಲ್ಲಿ, ಇನ್ನೊಬ್ಬ ಗಡ್ಡದವನು ನಿಂತಿದ್ದ.

ಗಡ್ಡ ಭಗ್ಗನೆ ಕಪ್ಪಾಯಿತು. ಮೈ ಹಲಗೆಯಂತೆ ಅಗಲವಾಯಿತು. ಬಾಯಿ ತೆರೆದು ಕನ್ನಡಿಯ ಮೇಲೆ ಹಾರಿ, ಗುರಿ ತಪ್ಪಿ ಗಿರಾಕಿಯ ನೆತ್ತಿಯ ಮೇಲೆ ಕೂತಿತು. ಗಿರಾಕಿ ದೊಡ್ಡ ಕನ್ನಡಿಯಲ್ಲಿ ತನ್ನ ತಲೆಯ ಮೇಲಿನ ಹೊಸ ಕಿರೀಟ ನೋಡಿ ಕಿಟಾರನೆ ಕಿರುಚಿದ. ಕತ್ತರಿಯಣ್ಣ ಅದನ್ನು ಬಿಡಿಸಿಕೊಂಡದ್ದೇ ತಡ, ಗಿರಾಕಿ ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಬೀದಿಗೆ ಓಡಿದ.

ಕತ್ತರಿಯಣ್ಣನಿಗೆ ಅವನ ಪರಿವೆಯೇ ಇರಲಿಲ್ಲ. ಕೈಗನ್ನಡಿ ತೋರಿಸಿದ: ಕಪ್ಪು. ಅಂಗೈಯಿಂದ ಕಣ್ಣು ಮರೆಮಾಡಿ ಬಚ್ಚಲಿಗೆ ಒಯ್ದ: ಬಿಳಿ. ಮತ್ತೆ ತಂದು ತೋರಿಸಿದ: ಕಪ್ಪು.

"ಅಂದ್ರೆ, ತನ್ನ ಮುಖ ನೋಡಿ ತಾನೇ ಹೆದರ್ತಿದೆ ಅಂತೀಯಾ?" ಎಂದರು ಮೇಷ್ಟ್ರು.

"ಹೆದರಿಕೆ ಅಲ್ಲ ಮೇಷ್ಟ್ರೇ, ಅನುಮಾನ. ಇವನ್ಯಾರೋ ಬಂದು ನನ್ನ ಜಾಗ ಕಿತ್ಕೊಳ್ಳೋಕೆ ಕೂತಿದಾನೆ ಅಂತ. ಬೆಳಿಗ್ಗೆಯಿಂದ ಅದೇ ಯೋಚನೇಲಿ ಅನ್ನನೀರು ಬಿಟ್ಟಿದೆ, ಪೆದ್ದು!"

ಮೇಷ್ಟ್ರು ಪೇಪರ್ ಮಡಚಿದರು. "ನೀನು ಊಟ ಮಾಡಿದ್ಯೇನಯ್ಯಾ?"

ಕತ್ತರಿಯಣ್ಣ ಮಾಡಿರಲಿಲ್ಲ. ಟವೆಲ್ಲುಗಳನ್ನೆಲ್ಲ ತಂದು ಎರಡೂ ಗೋಡೆಗಳ ಕನ್ನಡಿಗಳನ್ನು ಮುಚ್ಚಿದ. ಲೈಟಿನ ಕೆಳಗೆ ಮುದ್ದು ಬೆಳ್ಳನೆಯ ಗಡ್ಡ ಇಳಿಬಿಟ್ಟು ಸೊಪ್ಪನ್ನು ಕರುಂಕುರುಂ ತಿನ್ನತೊಡಗಿತು. ನೋಡಿ ಅವನ ಕಣ್ಣು ತೇವವಾಯಿತು. ಜೀವವೂ ಉಳಿಯಿತು, ಶಾಪೂ ಉಳಿಯಿತು.

ಸಂಜೆ ಓನರಮ್ಮ ಬಿರುಗಾಳಿಯಂತೆ ಬಂದರು. ಬೆನ್ನಿಗೆ ಔಷಧಿ ಅಂಗಡಿಯಾತ.

"ಎಲ್ಲಿ ನನ್ನ ಮುದ್ದು?"

"ನೋಡಿ ಅಮ್ಮಾ, ಹೂವಿನ ಥರ ಇದಾನೆ," ಕತ್ತರಿಯಣ್ಣ ಹೆಮ್ಮೆಯಿಂದ ಪಕ್ಕಕ್ಕೆ ಸರಿದ.

ಓನರಮ್ಮ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅವರ ಮುಖ ಕೆಂಪಾಯಿತು.

"ಇದ್ಯಾರ ಮನೆ ಓತಿಕ್ಯಾತ?"

"ಅಮ್ಮಾ?"

"ನನ್ನ ಮುದ್ದುವಿನ ಗಡ್ಡ ಕಾಡಿಗೆ ಥರ ಕಪ್ಪು! ತಂದ ದಿನದಿಂದ ಕಪ್ಪು! ದಿನಾ ಬೆಳಿಗ್ಗೆ ನನ್ನ ಬೀರುವಿನ ಕನ್ನಡಿ ಮುಂದೆ ಕೂತು ನನಗೇ ತಲೆ ಆಡಿಸ್ತಾನೆ. ಇದು ಬೂದಿ ಬಳ್ಕೊಂಡಿರೋ ಹಾಗಿದೆ. ನನ್ನ ಮಗನ್ನ ಕೊಂದು ಬೇರೆ ತಂದಿಟ್ಟಿದೀಯಾ?"

"ನಾನು ಹೇಳ್ಲಿಲ್ವಾ ಅಮ್ಮಾ?" ಅಂದ ಔಷಧಿ ಅಂಗಡಿಯಾತ. "ಕನ್ನಡಿಗೆಲ್ಲ ಟವೆಲ್ ಬೇರೆ ಮುಚ್ಚಿದಾನೆ. ಮಾಡಿದ್ದು ತನಗೇ ನೋಡೋಕಾಗ್ತಿಲ್ಲ."

ಕತ್ತರಿಯಣ್ಣ ಲೆಕ್ಕ ಹಾಕಿದ. ಗಡ್ಡ ಕಪ್ಪಾಗೋದು ಸಂಕಟಕ್ಕೆ ಅಂದರೆ, ಇಷ್ಟು ದಿನ ಸಂಕಟ ಕೊಟ್ಟವರು ನೀವೇ ಅಂದಂತಾಗುತ್ತದೆ. ಹಾಗಂದ ಮೇಲೆ ಕರಾರಿನ ಮಾತೆಲ್ಲಿ! ಮೇಷ್ಟ್ರ ಕಡೆ ನೋಡಿದ. ಅವರು ಪೇಪರಿನ ಹಿಂದೆ ಮಾಯವಾಗಿದ್ದರು. ಬೇರೆ ದಾರಿಯಿರಲಿಲ್ಲ. "ಕ್ಷಮಿಸಪ್ಪಾ," ಎಂದು ಮುದ್ದುವಿಗೆ ಗೊಣಗಿ ಕತ್ತರಿಯಣ್ಣ ಒಂದು ಟವೆಲ್ ಎಳೆದ.

ಗಡ್ಡ ಕಪ್ಪಾಯಿತು. ಕತ್ತು ಉಬ್ಬಿತು. ತಲೆ ಮೇಲೆ ಕೆಳಗೆ ಕುಟ್ಟತೊಡಗಿತು.

"ಬಂತು! ನನ್ನ ಬಂಗಾರ! ನೋಡು, ನನ್ನ ದನಿ ಕೇಳಿ ಹೇಗೆ ತಲೆ ಆಡಿಸ್ತಾನೆ!" ಓನರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾನಿಲ್ಲ ಅಂತ ಕೊರಗಿ ಬಿಳಿಚಿಕೊಂಡಿದ್ದ ಅಂತ ಕಾಣುತ್ತೆ. ಪಾಪ, ನಿನ್ನನ್ನ ಬೈದೆ ಕಣಪ್ಪಾ. ಶಾಪು ನಿನಗೇ. ಇವತ್ತೇ ಮಾತು ಕೊಟ್ಟೆ."

ಔಷಧಿ ಅಂಗಡಿಯಾತನ ಮೋರೆ ಸಣ್ಣಗಾಯಿತು. ಕತ್ತರಿಯಣ್ಣ ಓನರಮ್ಮನ ಕಾಲಿಗೆ ಬೀಳುವುದೊಂದು ಬಾಕಿ.

"ಆದ್ರೆ ಅಕ್ಕನ ಸೊಂಟ ಮುರಿದಿದೆ," ಅವರು ಮುಂದುವರಿಸಿದರು. "ಅವಳು ಎದ್ದು ಓಡಾಡೋವರೆಗೂ ನಾನು ಅಲ್ಲೇ ಇರಬೇಕು. ಮುದ್ದು ಇಲ್ಲೇ ಇರ್ಲಿ. ಇದೇ ಜಾಗ, ಕನ್ನಡಿ ಮುಂದೆ. ದಿನಾ ಬೆಳಿಗ್ಗೆ ವಿಡಿಯೋ ಕಾಲ್ ಮಾಡ್ತೀನಿ. ಗಡ್ಡ ಕಪ್ಪಗೆ ಕಾಣ್ಬೇಕು. ಬಿಳಿಚಿಕೊಂಡಿತೋ, ಕರಾರು ಹರಿದು ಹಾಕ್ತೀನಿ."

ಕಾರು ಹೋದ ಮೇಲೆ ಕತ್ತರಿಯಣ್ಣ ಪೆಟ್ಟಿಗೆಯ ಮುಂದೆ ಕೂತ. ಮುದ್ದು ಕನ್ನಡಿಯವನನ್ನು ನೋಡಿ ಬಾಯಿ ಕಳೆದು ನಿಂತಿತ್ತು, ಅರ್ಧ ತಿಂದ ಸೊಪ್ಪು ಹಾಗೇ ಬಿದ್ದಿತ್ತು. ಬೆಳಿಗ್ಗೆ ವಿಡಿಯೋ ಕಾಲಿನ ಹೊತ್ತಿಗೆ ಒಂದು ಕ್ಷಣ ಕೈಗನ್ನಡಿ ತೋರಿಸಿದರಾಯಿತು. ಉಳಿದ ಹೊತ್ತು ಅದನ್ನು ಹೀಗೆ ಗೋಳುಹೊಯ್ದುಕೊಳ್ಳಲು ಅವನಿಂದಾಗದು. ಎದ್ದು ಟವೆಲ್ ಮತ್ತೆ ಹಾಕಿದ.

ಸಂಜೆಯ ಗಿರಾಕಿ ಬಂದು ಕುರ್ಚಿಯಲ್ಲಿ ಕೂತು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಕನ್ನಡಿ ಯಾಕೆ ಮುಚ್ಚಿದೀರಿ?"

"ಸುಮ್ನೆ. ನನ್ನ ಮೇಲೆ ನಂಬಿಕೆ ಇಲ್ವಾ?"

ಗಿರಾಕಿ ಅವನನ್ನು ಮೇಲಿಂದ ಕೆಳಗೆ ಅನುಮಾನದಿಂದ ಅಳೆದು, ಎದ್ದು ಹೊರಟೇಹೋದ.

ಅಷ್ಟರಲ್ಲಿ ಪಕ್ಕದಿಂದ ಸುತ್ತಿಗೆಯ ಸದ್ದು ಕೇಳಿಸಿತು. ಗೋಡೆ ಒಡೀತಿದಾನೆ! ಕತ್ತರಿಯಣ್ಣ ಬೀದಿಗೆ ನೆಗೆದ. ಗೋಡೆ ಗಟ್ಟಿಯಾಗಿಯೇ ಇತ್ತು. ಔಷಧಿ ಅಂಗಡಿಯಾತ ತನ್ನ ಬಾಗಿಲ ಪಕ್ಕ ಮೊಳೆ ಹೊಡೆದು ಆಳೆತ್ತರದ ಕನ್ನಡಿಯೊಂದನ್ನು ತೂಗುಹಾಕುತ್ತಿದ್ದ.

"ನಿಮ್ಮಲ್ಲಿ ಕಟಿಂಗ್ ಮಾಡಿಸಿಕೊಂಡೋರು ಇಲ್ಲಿ ಬಂದು ನೋಡ್ಕೊಳ್ಳಲಿ ಪಾಪ," ಅಂದ ಹಲ್ಲು ಕಿರಿದು. "ಬಂದೋರು ಒಂದು ಸೋಪೋ ಕ್ರೀಮೋ ತಗೊಂಡ್ರೆ ನನಗೇನೂ ಬೇಜಾರಿಲ್ಲ."

ಕತ್ತರಿಯಣ್ಣ ಉತ್ತರ ಕೊಡಲು ಕತ್ತು ಉಬ್ಬಿಸಿ ಬಾಯಿ ತೆರೆದ. ಅಷ್ಟರಲ್ಲಿ ಹೊಸ ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಸಿಟ್ಟಿಗೆ ಗದ್ದದವರೆಗೂ ಕಪ್ಪಿಟ್ಟಿತ್ತು.